ಎಳ್ಳು ಬೀರುವ ಮುನ್ನ ಕಡಲೇಬೀಜ ಆರಿಸಿ

ಸಂಕ್ರಾಂತಿ ಸಮೀಪಿಸಿತೆಂದರೆ ಹಲಸೂರು ಮಾರುಕಟ್ಟೆ, ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಆಸುಪಾಸು ಹಾಗೂ ಕೆ.ಆರ್. ಪುರದ ಸಂತೆಯಲ್ಲಿ ಕಬ್ಬು, ಅವರೆಕಾಯಿ, ಗೆಣಸು ರಾಶಿ ಬೀಳುತ್ತವೆ. ದಿನಸಿ ಅಂಗಡಿಗಳಲ್ಲಿ ಎಳ್ಳು, ಕೊಬ್ಬರಿ, ಹುರಿಗಡಲೆಗೆ ಬೇಡಿಕೆ ಹೆಚ್ಚುತ್ತದೆ. ಎಳ್ಳು-ಬೆಲ್ಲ ನಮ್ಮ ಮನೆಯವರಷ್ಟೇ ತಿನ್ನುವ ತಿಂಡಿಯಲ್ಲ; ನೆರೆಹೊರೆಯ ಮಕ್ಕಳ ಬಾಯಿಗೂ ಹೋಗುವಂಥದ್ದು. ಆದ್ದರಿಂದ ಸಾಮಾನು ಕೊಳ್ಳುವಾಗಲೇ ಎಚ್ಚರ ಅಗತ್ಯ.

ಕಾಣದ ವಿಷ

ಮುಖ್ಯವಾಗಿ ಗಮನಿಸಬೇಕಾದದ್ದು ಕಡಲೇಬೀಜ. ತೇವದಲ್ಲಿ ಉಳಿದ ಬೀಜಕ್ಕೆ ಹಸಿರು-ಹಳದಿ ಬೂಷ್ಟು ಹಿಡಿಯುತ್ತದೆ. ಈ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೇಕಾಯಿ ಹಿಂಡಿ ತಿಂದ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಇದು ಬೆಳಕಿಗೆ ಬಂತು. 1974ರಲ್ಲಿ ರಾಜಸ್ಥಾನ ಹಾಗೂ ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತಿನ ಕಾಯಿಲೆಯಿಂದ ಸಾವನ್ನಪ್ಪಿದರು. ಸ್ವಲ್ಪ ಸ್ವಲ್ಪವಾಗಿ ಬಹುಕಾಲ ದೇಹ ಸೇರಿದರೆ ಈ ವಿಷ ಯಕೃತ್ತಿನ ಕ್ಯಾನ್ಸರಿಗೂ ಕಾರಣವಾಗಬಲ್ಲದು.

ಹುರಿದರೆ ಸರಿಹೋಗುತ್ತದೆ ಎಂಬ ನಂಬಿಕೆ ತಪ್ಪು. ಹುರಿಯುವುದರಿಂದ ವಿಷ ಪೂರ್ತಿ ನಾಶವಾಗದು. ಆರಿಸುವುದೇ ಸರಿಯಾದ ಉಪಾಯ. ಸುಕ್ಕಿದ, ಬಣ್ಣಗೆಟ್ಟ, ಮುರಿದ ಬೀಜಗಳನ್ನು ಹುರಿಯುವ ಮೊದಲೇ ಎಸೆಯಿರಿ. ಸಿಪ್ಪೆ ತೆಗೆದು ಬೇಳೆಯಾಗಿಸುವಾಗ ಒಳಭಾಗವನ್ನೂ ನೋಡಿ. ಕಹಿಯಾದ ಬೀಜವನ್ನು ನುಂಗದೆ ಉಗುಳಿಬಿಡಿ.

ಕೊಬ್ಬರಿ, ಅಚ್ಚು

ಕೊಬ್ಬರಿ ಗಿಟುಕನ್ನು ಒಡೆಸಿ, ಮೂಸಿ ನೋಡಿಯೇ ಕೊಳ್ಳಿ. ಕಮಟು ವಾಸನೆಯಿದ್ದರೆ ಬೇಡ. ಒಳಗೆ ಬೂಷ್ಟು ಕಂಡರೆ ಒರೆಸಿ ಬಳಸುವುದೂ ಸಲ್ಲದು.

ಸಕ್ಕರೆ ಅಚ್ಚಿನಲ್ಲಿ ಬಿಳಿಯದೇ ಲೇಸು. ಬಟ್ಟೆಗೆ ಬಣ್ಣ ಕಟ್ಟಲು ಬಳಸುವ ರೋಡಮಿನ್-ಬಿ ಎಂಬ ಗುಲಾಬಿ ಬಣ್ಣವನ್ನು ಆಹಾರದಲ್ಲಿ ಬೆರೆಸುವಂತಿಲ್ಲ. ಬೊಂಬಾಯಿ ಮಿಠಾಯಿಯಲ್ಲಿ ಇದು ಪತ್ತೆಯಾದ ಕಾರಣ 2024ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಬಣ್ಣ ಹಾಕಿದ ಬೊಂಬಾಯಿ ಮಿಠಾಯಿಯನ್ನೇ ನಿಷೇಧಿಸಿತು. ಕಣ್ಣು ಕುಕ್ಕುವ ಗುಲಾಬಿ ಅಚ್ಚುಗಳಿಂದ ದೂರವಿರುವುದು ಕ್ಷೇಮ. ಸಿದ್ಧ ಎಳ್ಳು-ಬೆಲ್ಲದ ಪೊಟ್ಟಣ ಕೊಳ್ಳುವವರು ತಯಾರಿಕೆಯ ದಿನಾಂಕ ಹಾಗೂ 14 ಅಂಕಿಗಳ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಬೇಕು.

ಯಾರಿಗೆ ಎಚ್ಚರ?

ನಾಲ್ಕು ವರ್ಷದೊಳಗಿನ ಮಕ್ಕಳ ಉಸಿರುನಾಳದಲ್ಲಿ ಕಡಲೇಬೀಜ ಸಿಕ್ಕಿಕೊಳ್ಳುವ ಅಪಾಯವಿದೆ. ಅವರಿಗೆ ಎಳ್ಳು-ಬೆಲ್ಲವನ್ನು ನುಣ್ಣಗೆ ಪುಡಿ ಮಾಡಿಯೇ ಕೊಡಿ. ಎಳ್ಳು ಅಥವಾ ಕಡಲೇಕಾಯಿ ಒಗ್ಗದ ಮಕ್ಕಳೂ ಇರುತ್ತಾರೆ; ಬೀರುವ ಮೊದಲು ತಾಯಂದಿರನ್ನು ಕೇಳಿ. ಬೆಲ್ಲವೆಂದ ಮಾತ್ರಕ್ಕೆ ಮಧುಮೇಹಿಗಳಿಗೆ ರಿಯಾಯಿತಿಯಿಲ್ಲ. ಅದು ಸಕ್ಕರೆಯಂತೆಯೇ ರಕ್ತದ ಗ್ಲೂಕೋಸನ್ನು ಏರಿಸುತ್ತದೆ. ಶಾಸ್ತ್ರಕ್ಕೆ ಒಂದು ಚಿಟಿಕೆ ಸಾಕು.

ಹಬ್ಬದ ಹಿಂದಿನ ರಾತ್ರಿ ಅವಸರದಲ್ಲಿ ಕೊಂಡರೆ ಆರಿಸಲು ಸಮಯ ಸಿಗದು. ನಾಲ್ಕು ದಿನ ಮುಂಚೆಯೇ ತಂದು ಬಿಸಿಲಿಗೆ ಹಾಕಿ, ಮನೆಮಂದಿಯೆಲ್ಲ ಕೂತು ಆರಿಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡಿ.