ಹೆಂಚು ಒಡೆಯಿತು, ಮುಂದೇನು?

ಪಾವಗಡ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯ ವಿಡಿಯೋ ನಮ್ಮ ಡೆಸ್ಕಿಗೆ ಬಂತು. ಎಂಟನೇ ಕ್ಲಾಸಿನ ಹುಡುಗಿ, ಬಿಳಿ ಕರಾಟೆ ಡ್ರೆಸ್ಸು. ಎರಡು ಕಡೆ ಇಟ್ಟಿಗೆ, ಅದರ ಮೇಲೆ ಮಂಗಳೂರು ಹೆಂಚು. ಒಂದು ಕೂಗು, ಒಂದು ಏಟು, ಹೆಂಚು ಎರಡು ಹೋಳು. ನಾವು ಅದನ್ನು 20 ಸೆಕೆಂಡ್ ತೋರಿಸಿದೆವು. ಕೆಳಗೆ ಪಟ್ಟಿಯಲ್ಲಿ ‘ಪುಟ್ಟ ಓಬವ್ವ’ ಅಂತ ಹಾಕಿದ್ದೂ ನಾವೇ.

ಬುಲೆಟಿನ್ ಮುಗಿದ ಮೇಲೆ ಆ ಹುಡುಗಿಯ ತಾಯಿ ಫೋನ್ ಮಾಡಿದರು. ಥ್ಯಾಂಕ್ಸ್ ಹೇಳಿದರು. ಆಮೇಲೆ ಕೇಳಿದರು: “ಅಣ್ಣಾ, ಹೆಂಚೇನೋ ಒಡೆದ್ಲು, ಖುಷಿನೇ. ಸಂಜೆ ಬಸ್ಸಿಳಿದು ಬರೋವಾಗ ಯಾವನಾದ್ರೂ ಕೈ ಹಿಡಕೊಂಡ್ರೆ ಇದು ಕೆಲಸಕ್ಕೆ ಬತ್ತದಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಓದಿದ್ದು ಎಂಜಿನಿಯರಿಂಗ್, ಮಾಡೋದು ಟಿವಿ. ಹಾಗಾಗಿ ನನಗೆ ಗೊತ್ತಿರೋ ಕಡೆಯಿಂದಲೇ ಶುರು ಮಾಡ್ತೀನಿ: ಹೆಂಚು ಯಾಕೆ ಒಡೆಯುತ್ತೆ?

ನೋಡಿ, ಸುಟ್ಟ ಮಣ್ಣು ಅಮುಕಿದರೆ ತಡೆಯುತ್ತೆ, ಎಳೆದರೆ ತಡೆಯಲ್ಲ. ಎರಡು ತುದಿಗೆ ಆಸರೆ ಕೊಟ್ಟು ಮಧ್ಯಕ್ಕೆ ಹೊಡೆದಾಗ ಹೆಂಚು ಸ್ವಲ್ಪ ಬಾಗುತ್ತೆ. ಮೇಲ್ಭಾಗ ಅಮುಕಿಕೊಳ್ಳುತ್ತೆ, ಕೆಳಭಾಗ ಎಳೆದುಕೊಳ್ಳುತ್ತೆ. ಬಿರುಕು ಹುಟ್ಟೋದು ಆ ಕೆಳಭಾಗದಲ್ಲಿ. ಬಾಗಿಲ ಮೇಲಿನ ಲಿಂಟಲ್‌ಗೆ ಗಾರೆ ಮೇಸ್ತ್ರಿ ಕಂಬಿಯನ್ನು ಕೆಳಗಡೆಗೇ ಕಟ್ಟೋದು ಇದಕ್ಕೇ. ಹೆಂಚಿಗೆ ಆ ಕಂಬಿ ಇಲ್ಲ.

ಮರದ ಹಲಗೆಯ ಕಥೆ ಬೇರೆ. ಸೌದೆ ಸೀಳಿದವರಿಗೆಲ್ಲ ಗೊತ್ತು, ಮರ ಎಳೆಯ ಉದ್ದಕ್ಕೆ ಸುಲಭವಾಗಿ ಸೀಳುತ್ತೆ, ಅಡ್ಡಕ್ಕೆ ಕಡಿಯೋಕೆ ಹೋದರೆ ಬೆವರು ಇಳಿಯುತ್ತೆ. ಕರಾಟೆಯ ಹಲಗೆಯನ್ನು ಎಳೆಯ ಗುಂಟ ಸೀಳುವ ಹಾಗೇ ಕೊಯ್ದಿರುತ್ತಾರೆ, ಹಾಗೇ ಹಿಡಿಯುತ್ತಾರೆ. ಹತ್ತು ಹೆಂಚು ಒಂದರ ಮೇಲೊಂದು ಪೇರಿಸಿ ಒಡೀತಾರಲ್ಲ, ಅಲ್ಲಿ ಮಧ್ಯೆ ಮಧ್ಯೆ ಸಣ್ಣ ಕಡ್ಡಿ ಇಟ್ಟು ಸಂದು ಬಿಟ್ಟಿದ್ದಾರಾ ಅಂತ ಗಮನಿಸಿ. ಸಂದು ಇದ್ದರೆ ಹತ್ತೂ ಒಟ್ಟಿಗೆ ಒಡೆಯಬೇಕಿಲ್ಲ, ಒಂದೊಂದೇ ಒಡೆಯುತ್ತಾ ಹೋಗುತ್ತೆ.

ಹಾಗಾದರೆ ಇದೆಲ್ಲ ಬರೀ ಗಿಮಿಕ್ಕಾ? ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಅಭಿಪ್ರಾಯ ಬದಲಾಯಿಸಿದ್ದು ಒಂದು ಹಳೇ ಲೇಖನ. 1979ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಕರಾಟೆಯ ಭೌತಶಾಸ್ತ್ರದ ಬಗ್ಗೆ ಮೂವರು ಬರೆದರು: ಮೈಕೆಲ್ ಫೆಲ್ಡ್, ರೊನಾಲ್ಡ್ ಮೆಕ್‌ನೇರ್, ಸ್ಟೀಫನ್ ವಿಲ್ಕ್. ಇವರಲ್ಲಿ ಮೆಕ್‌ನೇರ್ ಎಂಐಟಿಯಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದವರು, ಕರಾಟೆ ಬ್ಲ್ಯಾಕ್ ಬೆಲ್ಟ್. 1986ರ ಜನವರಿಯಲ್ಲಿ ಸಿಡಿದ ಚಾಲೆಂಜರ್ ನೌಕೆಯಲ್ಲಿ ಇದ್ದವರಲ್ಲಿ ಇವರೂ ಒಬ್ಬರು.

ಅವರ ಅಳತೆಯ ಪ್ರಕಾರ ಹೊಸದಾಗಿ ಕಲಿಯೋರ ಮುಷ್ಟಿಯ ವೇಗ ಸೆಕೆಂಡಿಗೆ ಸುಮಾರು 6 ಮೀಟರ್, ಪಳಗಿದವರದು ಸುಮಾರು 14 ಮೀಟರ್. ಒಂದು ಹಲಗೆ ಮುರಿಯೋಕೆ ಆ 6 ಮೀಟರ್ ಹೆಚ್ಚೂಕಮ್ಮಿ ಸಾಕು. ಅಂದರೆ ಒಂದು ಹಲಗೆ ಮುರಿಯೋ ಶಕ್ತಿ ಕಲಿಯೋಕೆ ಬಂದವರ ಕೈಯಲ್ಲಿ ಮೊದಲೇ ಇದೆ!

ಮತ್ತೆ ಯಾಕೆ ಮುರಿಯಲ್ಲ? ಹೆದರಿಕೆ. ಹಲಗೆ ಮುಟ್ಟೋ ಕೊನೆಯ ಗಳಿಗೆಯಲ್ಲಿ ಕೈ ತಾನಾಗೇ ನಿಧಾನ ಆಗುತ್ತೆ. ವೇಗ ಅರ್ಧ ಆದರೆ ಏಟಿನ ಶಕ್ತಿ ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ. ಹಲಗೆ ಮುರಿಯಲ್ಲ, ಆ ಪೆಟ್ಟೆಲ್ಲ ವಾಪಸ್ ಕೈಗೇ. ಕೈ ನೋಯುತ್ತೆ, ಮುಂದಿನ ಸಲ ಹೆದರಿಕೆ ಇನ್ನೂ ಜಾಸ್ತಿ. ಅದಕ್ಕೇ ಮೇಷ್ಟ್ರು ‘ಹಲಗೆಗೆ ಹೊಡೀಬೇಡ, ಅದರ ಹಿಂದಿರೋ ಗಾಳಿಗೆ ಹೊಡಿ’ ಅನ್ನೋದು. ತೋಳು ಪೂರ್ತಿ ಚಾಚಿದಾಗ ವೇಗ ಸೊನ್ನೆ, ಮುಕ್ಕಾಲು ಭಾಗ ಚಾಚಿದಾಗ ಅತಿ ಹೆಚ್ಚು. ಗುರಿ ಆಚೆಗಿದ್ದರೆ ಹಲಗೆ ಆ ಮುಕ್ಕಾಲಿನ ಜಾಗದಲ್ಲೇ ಸಿಗುತ್ತೆ. ಜಪಾನಿನಲ್ಲಿ ಇದನ್ನು ತಮೇಶಿವಾರಿ ಅಂತಾರೆ, ಒಡೆದು ನೋಡುವ ಪರೀಕ್ಷೆ ಅಂತ. ನನ್ನ ಪ್ರಕಾರ ಅಲ್ಲಿ ಪರೀಕ್ಷೆ ಆಗೋದು ಕೈ ಅಲ್ಲ, ಕೊನೇ ಗಳಿಗೆಯ ಆ ಹಿಂಜರಿಕೆ. ‘ಜೋರಾಗಿ ನಗಬೇಡ, ತಲೆ ತಗ್ಗಿಸಿ ನಡಿ’ ಅನ್ನಿಸಿಕೊಂಡೇ ಬೆಳೆದ ಹುಡುಗಿ ಒಂದು ಸಲ ಪೂರ್ತಿ ಜೋರಾಗಿ ಹೊಡೆದು, ಕೂಗಿ, ಏನೂ ಆಗಲಿಲ್ಲ ಅಂತ ನೋಡೋದು ಸಣ್ಣ ವಿಷಯ ಅಲ್ಲ. ಹಾಗಾಗಿ ಹೆಂಚೇ ಬೇಡ ಅನ್ನೋರ ಜೊತೆ ನಾನಿಲ್ಲ.

ಆದರೆ ತಾಯಿ ಕೇಳಿದ ಪ್ರಶ್ನೆ ಅಲ್ಲೇ ಇದೆ. ಹೆಂಚು ಅಲ್ಲಾಡಲ್ಲ, ಕೈ ಹಿಡಿಯಲ್ಲ, ‘ಯಾರಿಗೂ ಹೇಳಬೇಡ ಪುಟ್ಟಿ’ ಅನ್ನಲ್ಲ.

ತುಮಕೂರು ಕಂದಾಯದ ಲೆಕ್ಕದಲ್ಲಿ ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಸಮಗ್ರ ಶಿಕ್ಷಣದ ಅಡಿ ‘ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ಪ್ರಶಿಕ್ಷಣ’ ಅಂತ ಒಂದು ಕಾರ್ಯಕ್ರಮ ಇದೆ. ಸರ್ಕಾರಿ ಶಾಲೆಯ 6ರಿಂದ 12ನೇ ತರಗತಿ ಹೆಣ್ಣುಮಕ್ಕಳಿಗೆ ಮೂರು ತಿಂಗಳ ತರಬೇತಿ. ಶಾಲೆಗೆ ತಿಂಗಳಿಗೆ 5,000 ರೂಪಾಯಿ ಲೆಕ್ಕ. ಮೂರು ತಿಂಗಳಲ್ಲಿ ಯಾರೂ ಕರಾಟೆ ಪಟು ಆಗಲ್ಲ. ಆಗಬೇಕಾಗೂ ಇಲ್ಲ. ಆದರೆ ಆ ಮೂರು ತಿಂಗಳನ್ನು ಯಾವುದಕ್ಕೆ ಖರ್ಚು ಮಾಡ್ತೀವಿ ಅನ್ನೋದು ಮುಖ್ಯ.

ಕೈ ಹಿಡಿದರೆ ಬಿಡಿಸಿಕೊಳ್ಳೋದಕ್ಕೆ ಹೆಂಚೊಡೆಯೋ ಬಲ ಬೇಡ. ಹಿಡಿತದ ದುರ್ಬಲ ಜಾಗ ಹೆಬ್ಬೆರಳಿಗೂ ಉಳಿದ ಬೆರಳಿಗೂ ನಡುವಿನ ಸಂದು. ಹೆಬ್ಬೆರಳಿನ ಕಡೆಗೆ ತಿರುಗಿಸಿ ಎಳೆದರೆ ಸಣ್ಣ ಕೈಯೂ ಬಿಡಿಸಿಕೊಳ್ಳಬಹುದು. ಆದರೆ ಇದನ್ನು ಬೇರೆ ಬೇರೆ ಜನರ ಜೊತೆ ನೂರಾರು ಸಲ ಮಾಡಿರಬೇಕು, ಯೋಚನೆ ಮಾಡದೇ ಬರಬೇಕು. ಆಮೇಲೆ ಕೂಗು. ಆಮೇಲೆ ಓಟ, ಜನ ಇರೋ ಕಡೆಗೆ. ಓಡಿಹೋಗೋದು ಸೋಲಲ್ಲ ಅಂತ ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕು.

ಇನ್ನೊಂದಿದೆ, ಅದು ಕಷ್ಟದ್ದು. ಮಕ್ಕಳ ಮೇಲಿನ ಅತ್ಯಾಚಾರದ ಪೋಕ್ಸೋ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಗೊತ್ತಿರುವವನೇ. ಬಸ್‌ಸ್ಟ್ಯಾಂಡಿನ ಅಪರಿಚಿತನಿಗೆ ಗುದ್ದೋದು ಹೇಳಿಕೊಡಬಹುದು. ಮಾವ, ಪಕ್ಕದಮನೆ ಅಂಕಲ್, ಇಂಥವರಿಗೆ ‘ಕೈ ತೆಗಿ’ ಅನ್ನೋದು? ಬಂದು ಅಮ್ಮನಿಗೋ ಟೀಚರಿಗೋ ಹೇಳೋದು? 1098, 112 ಬಾಯಿಪಾಠ ಮಾಡಿಸೋದು? ಆತ್ಮರಕ್ಷಣೆಯ ಅರ್ಧ ಪಾಠ ಇದೇ. ಇದರ ಫೋಟೋ ಚೆನ್ನಾಗಿ ಬರಲ್ಲ, ಅಷ್ಟೇ.

ತರಬೇತುದಾರರನ್ನು ಬೈಯೋದು ಸುಲಭ. ವರದಿಗೆ ಫೋಟೋ ಬೇಕು, ಸ್ಕೂಲ್ ಡೇಗೆ ಐಟಂ ಬೇಕು. ನಮ್ಮ ಕ್ಯಾಮೆರಾನೂ ಕೇಳೋದು ಒಡೆಯೋ ಶಾಟನ್ನೇ. ಅವತ್ತು ಮೊದಲನೇ ಏಟಿಗೆ ಲೈಟ್ ಸರಿ ಬರಲಿಲ್ಲ ಅಂತ ನಮ್ಮ ಹುಡುಗ ಆ ಮಗು ಕೈಯಲ್ಲಿ ಇನ್ನೊಂದು ಹೆಂಚು ಒಡೆಸಿದ್ದಾನೆ. ನನಗೆ ಗೊತ್ತಾಗಿದ್ದು ಆಮೇಲೆ. ಬೆಳೆಯೋ ಮಕ್ಕಳ ಮೂಳೆಯ ತುದಿ ಇನ್ನೂ ಗಟ್ಟಿಯಾಗಿರಲ್ಲ. ಮುಷ್ಟಿ ವಾಲಿದರೆ ಕಿರುಬೆರಳ ಬುಡದ ಮೂಳೆ ಮುರಿಯುತ್ತೆ. ಒಡೆಯಲೇಬೇಕು ಅಂದರೆ ಅಂಗೈಯ ಬುಡದಿಂದ, ತೆಳು ಹಲಗೆ, ಒಂದೇ ಒಂದು. ತಲೆಯಿಂದ ಹೆಂಚು ಒಡೆಸೋದಂತೂ ಯಾವ ವಯಸ್ಸಿನವರಿಗೂ ಬೇಡ.

ಆ ತಾಯಿಗೆ ಎರಡು ದಿನ ಬಿಟ್ಟು ಫೋನ್ ಮಾಡಿದೆ. ಇಷ್ಟೆಲ್ಲ ಹೇಳಲಿಲ್ಲ. ಮಗಳಿಗೆ ಕೊಡಿ ಅಂದೆ.

“ಕೈ ಹಿಡಿದ್ರೆ ಬಿಡಿಸಿಕೊಳ್ಳೋದು ಹೇಳಿಕೊಟ್ಟಿದ್ದಾರಾ ಪುಟ್ಟಾ?”

“ಒಂದ್ಸಲ ತೋರಿಸಿದ್ರು ಅಣ್ಣಾ. ಆಮೇಲೆ ಹೆಂಚಿನ ಪ್ರಾಕ್ಟೀಸ್ ಇತ್ತಲ್ಲ.”

ಫೋನ್ ಅಮ್ಮನಿಗೆ ವಾಪಸ್ ಕೊಡಿಸಿ, ದಿನಾ ಸಂಜೆ ಐದು ನಿಮಿಷ ನೀವೇ ಅವಳ ಕೈ ಗಟ್ಟಿಯಾಗಿ ಹಿಡಿದುಕೊಳ್ಳಿ, ಬಿಡಿಸಿಕೊಳ್ಳಲಿ ಅಂದೆ. “ಅಯ್ಯೋ, ಕಳೆ ಕೀಳೋ ಕೈ ಅಣ್ಣಾ ಇದು, ಬಿಡ್ತೀನಾ ನಾನು?” ಅಂತ ನಕ್ಕರು.