ಎಲ್‌ಜಿ ಹಾಕಿದರೆ ಗುರಿ ಬೇಡವೇ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅಡಿಕೆ ಕೃಷಿಕರ ನಡುವೆ ಕೋವಿಯ ಮಾತು ಬಂದರೆ ಈ ಒಂದು ಮಾತು ಬಾರದೆ ಇರುವುದಿಲ್ಲ: "ಎಲ್‌ಜಿ ತೋಟೆ ಹಾಕಿ ಮಾರಾಯ್ರೇ, ಹರಡಿಕೊಂಡು ಹೋಗ್ತದೆ, ಗುರಿ ಹಿಡಿಯುವ ಕೆಲಸವೇ ಇಲ್ಲ." ವಿಟ್ಲದಲ್ಲೂ ಇದೇ, ಶಿರ್ತಾಡಿಯಲ್ಲೂ ಇದೇ, ನಾವೂರು ಸವಣಾಲಿನ ಕಾಡಂಚಿನಲ್ಲೂ ಇದೇ. ಅಜ್ಜ ಹೇಳಿದ್ದನ್ನು ಮೊಮ್ಮಗ ಹೇಳುತ್ತಾನೆ. ಒಂದು ರಟ್ಟು ನಿಲ್ಲಿಸಿ, ಒಂದು ಈಡು ಹೊಡೆದು, ತೂತು ಎಣಿಸಿ ನೋಡಿದವರು ಮಾತ್ರ ಸಿಗುವುದಿಲ್ಲ. ಈ ನಂಬಿಕೆ ಬರೀ ತಪ್ಪಾಗಿದ್ದರೆ ಬಿಟ್ಟುಬಿಡಬಹುದಿತ್ತು. ಇದು ಅಪಾಯದ ತಪ್ಪು.

ತೋಟೆಯನ್ನೇ ಕೈಗೆತ್ತಿಕೊಂಡು ನೋಡಿ. ಬುಡದಲ್ಲಿ ಹಿತ್ತಾಳೆಯ ಬಟ್ಟಲು, ಅದರ ನಡುವೆ ಕೇಪು, ಮೇಲೆ ಪ್ಲಾಸ್ಟಿಕ್ ಅಥವಾ ಕಾಗದದ ಕೊಳವೆ. ಒಳಗೆ ಮದ್ದು, ಮದ್ದಿನ ಮೇಲೆ ಬಿರಡೆ, ಬಿರಡೆಯ ಮೇಲೆ ಚರೆ. ಕೊಳವೆಯ ಮೈಮೇಲೆ ಅಚ್ಚಾದ ಎಲ್‌ಜಿ, ಎಸ್‌ಜಿ, ಬಿಬಿ, 4, 6 ಎಂಬ ಗುರುತುಗಳು ಚರೆಯ ಗಾತ್ರವನ್ನು ಹೇಳುತ್ತವೆಯೇ ಹೊರತು ತೋಟೆಯ ಶಕ್ತಿಯನ್ನಲ್ಲ. ನಮ್ಮಲ್ಲಿ ಬಳಕೆಯಲ್ಲಿರುವ ಬ್ರಿಟಿಷ್ ಲೆಕ್ಕದಲ್ಲಿ ಒಂದು ಔನ್ಸ್, ಅಂದರೆ 28 ಗ್ರಾಂ ಸೀಸದಲ್ಲಿ 6ನೇ ನಂಬರಿನ ಚರೆ 270 ಇರುತ್ತವೆ, 4ನೇ ನಂಬರಿನವು 170. ಎಸ್‌ಜಿ ಆದರೆ ಎಂಟು. ಎಲ್‌ಜಿ ಆದರೆ ಆರು.

ಆರು! ಹರಡಿಕೊಂಡು ಹೋಗಿ ಎಲ್ಲಿ ಬಿದ್ದರೂ ತಾಗುತ್ತದೆ ಎಂದು ನಂಬಿದ ತೋಟೆಯೊಳಗೆ ಇರುವುದು ಆರು ಚರೆ, ತಯಾರಕರು ಸ್ವಲ್ಪ ಹೆಚ್ಚು ತುಂಬಿದರೆ ಏಳೆಂಟು. ಚೋಕ್, ಅಂದರೆ ತುದಿಯ ಬಿಗಿತ, ಇಲ್ಲದ ಸಾದಾ ನಳಿಗೆಯಿಂದ 40 ಗಜ ದೂರದಲ್ಲಿ 30 ಇಂಚು ಅಗಲದ ವೃತ್ತದೊಳಗೆ ಬೀಳುವುದು ಒಟ್ಟು ಚರೆಯ ಶೇಕಡಾ 40ರಷ್ಟು. ಪೂರ್ತಿ ಚೋಕ್ ಇದ್ದರೆ ಶೇಕಡಾ 70. ಇದು ಕೋವಿ ತಯಾರಿಸುವವರು ನೂರು ವರ್ಷಕ್ಕೂ ಮಿಕ್ಕಿ ಬಳಸುತ್ತಿರುವ ಅಳತೆ. ಆರರಲ್ಲಿ ಶೇಕಡಾ 40 ಎಂದರೆ ಎರಡೂವರೆ ಚರೆ ಕೂಡ ಆಗುವುದಿಲ್ಲ. ಕಾಡುಹಂದಿಯ ಎದೆಯ ಜಾಗ ಎಂಟು ಇಂಚಿನ ವೃತ್ತ ಎಂದಿಟ್ಟುಕೊಳ್ಳಿ. ಆ ವೃತ್ತದ ಪಾಲಿಗೆ ಒಂದು ಇಡೀ ಚರೆ ಕೂಡ ಬರುವುದಿಲ್ಲ. ಉಳಿದವು ಸೊಂಟಕ್ಕೆ, ಹೊಟ್ಟೆಗೆ, ಕಾಲಿಗೆ, ಇಲ್ಲವೇ ಹಿಂದಿನ ಬರೆಗೆ. ಹತ್ತಿರದಿಂದ ಹೊಡೆದರೆ ಗುರಿ ಬೇಡ ಎನ್ನುವವರೂ ಇದ್ದಾರೆ. ಚರೆ ಹರಡುವುದು ಗಜಕ್ಕೆ ಹೆಚ್ಚುಕಡಿಮೆ ಒಂದು ಇಂಚು. ಹತ್ತು ಗಜದಲ್ಲಿ ಹತ್ತು ಇಂಚು. ಅಷ್ಟು ಹತ್ತಿರದಲ್ಲೂ ಸರಿಯಾಗಿ ಗುರಿ ಹಿಡಿಯಲೇಬೇಕು.

ಹೊಟ್ಟೆಗೆ ಚರೆ ತಾಗಿದ ಹಂದಿ ನಿಂತ ಜಾಗದಲ್ಲೇ ಸಾಯುವುದಿಲ್ಲ. ಹಾಡಿಗೆ ನುಗ್ಗುತ್ತದೆ, ಎರಡು ದಿನ ನರಳುತ್ತದೆ. ಮರುದಿನ ಬೆಳಗ್ಗೆ ರಬ್ಬರ್ ಟ್ಯಾಪಿಂಗಿಗೆ ಹೋದವರಿಗೋ ಸೊಪ್ಪು ತರಲು ಹೋದ ಹೆಂಗಸಿಗೋ ಎದುರಾಗುತ್ತದೆ. ಈಡು ಹೊಡೆದವರು ಆಗ ಮನೆಯಲ್ಲಿರುತ್ತಾರೆ.

ಇನ್ನು ಎರಡನೆಯ ಅಪಾಯ, ಇದೇ ಹೆಚ್ಚು ದೊಡ್ಡದು. 50 ಗಜದಲ್ಲಿ ನಂಬಲಾಗದ ಈ ದಪ್ಪ ಚರೆ 500 ಗಜ ದಾಟಿಯೂ ನಿಲ್ಲುವುದಿಲ್ಲ. ಫ್ರಾನ್ಸಿನ ಸೇನಾಧಿಕಾರಿ ಜುರ್ನೆ ಕೊಟ್ಟ ಸೂತ್ರವೊಂದಿದೆ: ಚರೆಯ ವ್ಯಾಸವನ್ನು ಇಂಚಿನಲ್ಲಿ ಹಿಡಿದು 2200ರಿಂದ ಗುಣಿಸಿದರೆ ಅದು ಹೋಗಬಹುದಾದ ಗರಿಷ್ಠ ದೂರ ಗಜಗಳಲ್ಲಿ ಸಿಗುತ್ತದೆ. 6ನೇ ನಂಬರಿನ ಚರೆ 200 ಮೀಟರ್ ಆಸುಪಾಸಿನಲ್ಲಿ ಶಕ್ತಿ ಕಳೆದುಕೊಂಡು ಉದುರುತ್ತದೆ. ಎಲ್‌ಜಿ 700 ಮೀಟರ್ ಮುಟ್ಟುತ್ತದೆ. ನಮ್ಮ ಊರುಗಳು ಹೇಗಿವೆ ಎಂದು ಎಲ್ಲರಿಗೂ ಗೊತ್ತು. ಗುಡ್ಡಕ್ಕೊಂದು ಮನೆ, ತೋಡಿನಾಚೆ ಇನ್ನೊಂದು ಮನೆ, ನಡುವೆ ಮಕ್ಕಳು ಶಾಲೆಗೆ ಹೋಗುವ ಕಾಲುದಾರಿ. ಸುತ್ತ 700 ಮೀಟರ್ ದೂರದೊಳಗೆ ಮನೆಯೇ ಇಲ್ಲದ ಅಡಿಕೆ ತೋಟ ಈ ಮೂರು ತಾಲೂಕುಗಳಲ್ಲಿ ಎಷ್ಟಿದ್ದೀತು? ಅದರ ಮೇಲೆ, ಮಂಗಕ್ಕೆಂದು ಎತ್ತುವ ಕೋವಿ ಯಾವಾಗಲೂ ಮೇಲ್ಮುಖ. ಅಡಿಕೆ ಮರದ ತುದಿಗೆ ಹಿಡಿದು ಬಿಟ್ಟ ಎಲ್‌ಜಿ ಎಲ್ಲಿಗೆ ಇಳಿಯುತ್ತದೆ ಎಂದು ಬಿಟ್ಟವರಿಗೇ ತಿಳಿಯದು.

ಮಂಗನ ವಿಷಯ ಬಂದದ್ದರಿಂದ ಇದನ್ನೂ ಹೇಳಬೇಕು. ಬೆಳೆ ರಕ್ಷಣೆಗೆ ಕೋವಿ ಪರವಾನಗಿ ಇದ್ದರೆ ಪ್ರಾಣಿ ಕೊಲ್ಲುವ ಹಕ್ಕು ಬಂತೆಂದು ಎಷ್ಟೋ ಮಂದಿ ತಿಳಿದಿದ್ದಾರೆ. ಬಂದಿಲ್ಲ. ಪರವಾನಗಿ ಬರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಿಂದ. ಪ್ರಾಣಿಗಳಿಗೆ ಇರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. 2022ರ ತಿದ್ದುಪಡಿಯ ನಂತರ ನಮ್ಮ ಕೆಂಪು ಮೋರೆಯ ಮಂಗ ಷೆಡ್ಯೂಲ್ 1ರಲ್ಲಿದೆ, ನವಿಲಿನ ಸಾಲಿನಲ್ಲೇ. ಕಾಡುಹಂದಿ ಷೆಡ್ಯೂಲ್ 2ರಲ್ಲಿದೆ, ಅದಕ್ಕೂ ಕಾಯ್ದೆಯ 11ನೇ ಕಲಮಿನಡಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಎಂದ ಮೇಲೆ ಮಂಗಕ್ಕೆ ಕೋವಿಯಿಂದ ಮಾಡಬಹುದಾದದ್ದು ಸದ್ದು ಮಾಡಿ ಓಡಿಸುವುದೊಂದೇ. ಸದ್ದಿಗೆ ಎಲ್‌ಜಿ ಯಾಕೆ? 6ನೇ ನಂಬರಿನ ತೋಟೆ ಮಾಡುವ ಸದ್ದಿಗೂ ಎಲ್‌ಜಿಯ ಸದ್ದಿಗೂ ಮಂಗನ ಕಿವಿಗೆ ವ್ಯತ್ಯಾಸವೇನೂ ಇಲ್ಲ. ಕೆಲವೇ ದಿನಗಳಲ್ಲಿ ಅದು ಎರಡಕ್ಕೂ ಒಗ್ಗಿಕೊಳ್ಳುತ್ತದೆ. ಬೆಳೆ ಕಳೆದುಕೊಳ್ಳುವ ಕೃಷಿಕನ ಸಂಕಟ ನಿಜ, ಪರಿಹಾರದ ಹಣ ಆ ಸಂಕಟಕ್ಕೆ ಸಾಲದು ಎನ್ನುವುದೂ ನಿಜ. ಆದರೆ ತಪ್ಪು ತೋಟೆ ಆ ಸಂಕಟವನ್ನು ನೆರೆಮನೆಯವರ ತಲೆಗೆ ದಾಟಿಸುತ್ತದೆ, ಅಷ್ಟೆ.

ಉಳಿದ ನಂಬಿಕೆಗಳಿಗೆ ಹೆಚ್ಚು ಮಾತು ಬೇಡ. 12 ಬೋರ್ ಎಂದರೆ 12 ಮಿಲಿಮೀಟರ್ ಅಲ್ಲ. ನಳಿಗೆಯ ಅಗಲಕ್ಕೆ ಸರಿಹೊಂದುವ 12 ಸೀಸದ ಗುಂಡು ಸೇರಿ ಒಂದು ಪೌಂಡ್ ತೂಗುತ್ತವೆ ಎಂಬ ಲೆಕ್ಕ ಅದು, ಅಗಲ ಸುಮಾರು 18.5 ಮಿಲಿಮೀಟರ್. ಸಣ್ಣ ತೋಟೆ ದೊಡ್ಡ ಕೋವಿಗೂ ಆಗುತ್ತದೆ ಎಂದು 20 ಬೋರಿನದನ್ನು 12 ಬೋರಿಗೆ ಹಾಕಿದರೆ ಅದು ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಖಾಲಿ ಎಂದುಕೊಂಡು ಅದರ ಹಿಂದೆ 12 ಬೋರಿನ ತೋಟೆ ಇಟ್ಟು ಹೊಡೆದರೆ ನಳಿಗೆ ಸಿಡಿದು ಎಡಗೈ ಹೋಗುತ್ತದೆ. 20 ಬೋರ್ ತೋಟೆಗೆ ಹಳದಿ ಬಣ್ಣ ಕೊಡುವುದು ಈ ಗೊಂದಲ ತಪ್ಪಿಸಲಿಕ್ಕೇ. ಅಜ್ಜನ ಕಾಲದ ಇಂಗ್ಲಿಷ್ ಜೋಡುನಳಿಗೆ ಕೋವಿಗಳಲ್ಲಿ ಎಷ್ಟೋ 65 ಮಿಲಿಮೀಟರ್ ತೋಟೆಗೆ ಮಾಡಿದಂಥವು. ಈಗಿನ 70 ಮಿಲಿಮೀಟರ್ ತೋಟೆ ಒಳಗೆ ಕೂರುತ್ತದೆ, ನಿಜ. ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಅದಕ್ಕೆ ಜಾಗ ಇರುವುದಿಲ್ಲ, ಒತ್ತಡ ಏರುತ್ತದೆ. ಕೇಪಿನ ಕೋವಿಗೆ ತೋಟೆ ಒಡೆದು ಅದರ ಮದ್ದು ಸುರಿಯುವವರಿಗಂತೂ ಕೈ ಮುಗಿದು ಹೇಳಬೇಕು: ಆ ನಳಿಗೆ ಕರಿಮದ್ದಿಗೆ ಮಾಡಿದ್ದು, ಹೊಗೆಯಿಲ್ಲದ ಮದ್ದಿನ ಒತ್ತಡವನ್ನು ಅದು ತಾಳುವುದಿಲ್ಲ. ಏರ್‌ಗನ್ ಆಟಿಕೆ ಅಲ್ಲ, ಮಕ್ಕಳ ಕಣ್ಣು ತಲೆಬುರುಡೆಗೆ ಅದರ ಗುಂಡು ಸಾಕು.

ಈಚೆಗೆ ಹುಡುಗರ ಬಾಯಲ್ಲಿ ಹೊಸ ಮಾತು: ಅಮೆರಿಕದವರ ಹಾಗೆ ನಮಗೂ ಸೆಮಿ ಆಟೋಮ್ಯಾಟಿಕ್ ರೈಫಲ್ ಕೊಟ್ಟರೆ ಒಂದೇ ರಾತ್ರಿಯಲ್ಲಿ ಹಂದಿಯ ಕಾಟ ಮುಗಿಯುತ್ತದಂತೆ. .223 ಒಳ್ಳೆಯದೋ .308 ಒಳ್ಳೆಯದೋ ಎಂದು ಮೊಬೈಲ್ ಹಿಡಿದು ವಾದ ನಡೆಯುತ್ತದೆ. ಮೊದಲನೆಯದಾಗಿ, ನಮ್ಮ ನಿಯಮದಲ್ಲಿ ಅಂಥ ರೈಫಲ್ ಸಾಮಾನ್ಯ ಪರವಾನಗಿದಾರನಿಗೆ ಸಿಗುವ ವರ್ಗದ್ದಲ್ಲ. ಸೇನೆಯ .303, 7.62ರ ತೋಟೆ ಹಿಡಿಸುವ ರೈಫಲ್‌ಗಳೂ ಅದೇ ನಿರ್ಬಂಧದಲ್ಲಿವೆ. ಸೇನೆಯ ತೋಟೆ ಜನರ ಕೈಗೆ ಹೋಗಬಾರದೆಂಬ ಬ್ರಿಟಿಷರ ಕಾಲದ ಎಚ್ಚರಿಕೆಯಿಂದಲೇ .315 ರೈಫಲ್ ಇಲ್ಲಿ ಬೇರೂರಿದ್ದು. ಎರಡನೆಯದಾಗಿ, ಅಮೆರಿಕದ ಕೃಷಿ ಇಲಾಖೆಯ ಅಂದಾಜಿನಲ್ಲೇ ಅಲ್ಲಿ ಸುಮಾರು 60 ಲಕ್ಷ ಕಾಡುಬಿದ್ದ ಹಂದಿಗಳಿವೆ, 30ಕ್ಕೂ ಹೆಚ್ಚು ರಾಜ್ಯಗಳಲ್ಲಿ. ಆ ಎಲ್ಲ ರೈಫಲ್ ಇದ್ದೂ. ಮೂರನೆಯದು ಎಲ್ಲಕ್ಕಿಂತ ಮುಖ್ಯ: .22ರ ಸಣ್ಣ ಗುಂಡು ಕೂಡ ಸುಮಾರು ಒಂದೂವರೆ ಕಿಲೋಮೀಟರ್ ಹೋಗುತ್ತದೆ, .30-06 ಮೂರೂವರೆ ಕಿಲೋಮೀಟರಿಗೂ ಮಿಕ್ಕಿ. ಟೆಕ್ಸಾಸಿನ ಬಯಲಿಗೆ ಹೊಂದುವ ತೋಟೆಯನ್ನು ಪುಂಜಾಲಕಟ್ಟೆಯ ಗುಡ್ಡದ ಬದಿಯಲ್ಲಿ ಹಾರಿಸುವ ಆಸೆ ಎಂಥದ್ದು!

ನನಗೆ ಬೇಸರ ತರಿಸುವುದು ತಿಳಿಯದಿರುವುದಲ್ಲ, ತಿಳಿಯುವ ದಾರಿ ಎದುರಿಗಿದ್ದೂ ನೋಡದಿರುವುದು. ಅಡಿಕೆ ಕೊಳ್ಳುವವನು ಒಂದು ಕಿಲೋ ಕಡಿಮೆ ತೂಗಿದರೆ ಮರುತೂಕ ಹಾಕಿಸುವ ನಾವು, ಜೀವ ತೆಗೆಯುವ ವಸ್ತುವಿನ ಬಗ್ಗೆ ಯಾರೋ ಹೇಳಿದ್ದನ್ನು, ಯಾವುದೋ ವಿಡಿಯೊದಲ್ಲಿ ಕಂಡದ್ದನ್ನು ಹಾಗೆಯೇ ನಂಬುತ್ತೇವೆ. ಬೆಳೆಯ ಔಷಧಿ, ಗೊಬ್ಬರ, ಬೋರ್‌ವೆಲ್ ಜಾಗ ತೋರಿಸುವವರು, ಎಲ್ಲದರಲ್ಲೂ ಇದೇ ಕತೆ.

2016ರ ಶಸ್ತ್ರಾಸ್ತ್ರ ನಿಯಮಾವಳಿ ಪರವಾನಗಿಗೆ ಸುರಕ್ಷತಾ ತರಬೇತಿಯನ್ನು ಕೇಳುತ್ತದೆ. ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತದೆ. ಕೋವಿ ಇರುವವರು ಅಲ್ಲಿಗೆ ಹೋಗಿ ಒಂದು ಕೆಲಸ ಮಾಡಿಸಿಕೊಳ್ಳಿ: ದೊಡ್ಡ ರಟ್ಟಿನ ಮೇಲೆ 30 ಇಂಚಿನ ವೃತ್ತ ಬರೆದು, 40 ಗಜದಿಂದ ನೀವು ನಂಬಿದ ಎಲ್‌ಜಿ ತೋಟೆಯನ್ನೇ ಹೊಡೆದು, ವೃತ್ತದೊಳಗಿನ ತೂತು ಎಣಿಸಿ. ಹೊರಗೆ ಹೋದವನ್ನೂ ಎಣಿಸಿ.