ಕಾರಿನ ಮುಂಭಾಗದ ಗಾಜು: ಅಸಲಿಯೋ, ಅಗ್ಗದ್ದೋ?

ನಾಸಿಕದಿಂದ ಯೇವಲಾ ಮಾರ್ಗವಾಗಿ ಛತ್ರಪತಿ ಸಂಭಾಜಿನಗರಕ್ಕೆ ಹೋಗುವಾಗ, ಲಾರಿಯ ಚಕ್ರದಿಂದ ಸಿಡಿದ ಕಲ್ಲು ನಮ್ಮ ಕಾರಿನ ಮುಂಭಾಗದ ಗಾಜನ್ನು ಸೀಳಿತು. ಕಾರು ಕಂಪನಿಯ ಮುದ್ರೆಯ ಗಾಜೋ, ಅಗ್ಗದ್ದೋ ಎಂಬ ಪ್ರಶ್ನೆ ಎದುರಾಯಿತು.

ಈ ಗಾಜಿನ ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆಯೊಂದು ಬೆಸೆದಿರುತ್ತದೆ. ಒಡೆದರೂ ಚೂರುಗಳು ಹಾಳೆಗೇ ಅಂಟಿ, ಕಣ್ಣು ಉಳಿಯುತ್ತದೆ. ಆದುದರಿಂದ ಮೊದಲು ಐ.ಎಸ್. 2553ರ ಐ.ಎಸ್.ಐ. ಗುರುತನ್ನು ನೋಡಬೇಕು. ಗುರುತಿದ್ದು, ನೋಟ ಡೊಂಕಾಗದಿದ್ದರೆ ಅನ್ಯ ತಯಾರಕರ ಗಾಜೂ ಸಾಕು. ಗಾಜಿನ ಹಿಂದೆ ಚಾಲನಾ ನೆರವಿನ ಕ್ಯಾಮೆರಾ ಇದ್ದರೆ ಅಸಲಿಯೇ ಲೇಸು.

ಸಮಗ್ರ ವಿಮೆಯಲ್ಲಿ ಗಾಜಿಗೆ ಸವಕಳಿ ಕಳೆಯುವುದಿಲ್ಲ; ಆದರೆ ಕ್ಲೇಮು ಮಾಡಿದರೆ ಶೇಕಡಾ 20ರಿಂದ 50ರವರೆಗಿನ ನೋ-ಕ್ಲೇಮ್ ಬೋನಸ್ ತಪ್ಪಬಹುದು. ಎರಡನ್ನೂ ತೂಗಿ ನೋಡಿರಿ. ಅಂಟು ಗಟ್ಟಿಯಾಗುವ ಮುನ್ನ ಕಾರನ್ನು ಓಡಿಸದಿರಿ. ಅಪಘಾತದಲ್ಲಿ ಏರ್‌ಬ್ಯಾಗಿಗೆ ಆ ಗಾಜೇ ಆಸರೆ.